ಮೊದಲು ದಾರಿ, ಆಮೇಲೆ ಸೈಕಲ್

(ದೂರದ ಸೈಕಲ್ ಪ್ರಯಾಣದ ಆಸೆ ಇರುವವರ ಮುಂದೆ ಉಡುಪಿಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತು ಇದು. ಬರೆದು ಕೊಡಿ ಎಂದು ಕೆಲವರು ಕೇಳಿದ್ದರಿಂದ ಬರಹಕ್ಕೆ ಇಳಿಸಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಬೆಳಿಗ್ಗೆ ಏಳು ಗಂಟೆಗೇ ಇಷ್ಟು ಜನ ಸೇರಿದ್ದೀರಿ, ತುಂಬಾ ಖುಷಿಯಾಯಿತು. ಒಳಗೆ ಬರುವಾಗ ಗೋಡೆಗೆ ಒರಗಿಸಿಟ್ಟ ನಿಮ್ಮ ಸೈಕಲ್‌ಗಳನ್ನು ಒಂದೊಂದಾಗಿ ನೋಡುತ್ತಾ ಬಂದೆ. ದಪ್ಪ ಟೈರಿನದು ಇದೆ, ಸಪೂರ ಟೈರಿನದು ಇದೆ. ರಾಡ್ ಬ್ರೇಕಿನ ಹಳೆಯ ಕಪ್ಪು ಸೈಕಲ್ ಕೂಡ ಒಂದಿದೆ. ಅದು ಯಾರದೋ ಗೊತ್ತಿಲ್ಲ. ಮಾತು ಮುಗಿದ ಮೇಲೆ ದಯವಿಟ್ಟು ಸಿಗಿ.

ಸೈಕಲ್ ತಗೊಳ್ಳಬೇಕು ಅಂತ ಇರುವವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ. ‘ಯಾವ ಕಂಪೆನಿಯದು ತಗೊಳ್ಳಲಿ?’ ನಾನು ತಿರುಗಿ ಕೇಳುವುದೂ ಒಂದೇ. ‘ಎಲ್ಲಿಗೆ ಹೋಗಬೇಕು ಅಂತಿದ್ದೀರಿ?’ ಹೆಚ್ಚಿನವರು ಅಲ್ಲಿಗೆ ಸುಮ್ಮನಾಗುತ್ತಾರೆ. ‘ಇಲ್ಲ, ಮೊದಲು ಸೈಕಲ್ ಬರಲಿ, ಆಮೇಲೆ ನೋಡೋಣ ಅಂತ’ ಅನ್ನುತ್ತಾರೆ. ಇವತ್ತು ನಾನು ಹೇಳಲು ಬಂದಿರುವುದು ಇದನ್ನು ತಿರುಗಿಸಿ ಮಾಡಿ ಅಂತ. ಅಂಗಡಿಗೆ ಹೋಗುವ ಮೊದಲು ಒಂದು ಕಾಗದದಲ್ಲಿ ದಾರಿ ಬರೆದುಕೊಳ್ಳಿ. ಆ ದಾರಿಯಲ್ಲಿ ಅತಿ ಕಷ್ಟದ ಹತ್ತು ಕಿಲೋಮೀಟರ್ ಯಾವುದು ಅಂತ ಗುರುತು ಹಾಕಿ. ಆ ಹತ್ತು ಕಿಲೋಮೀಟರ್‌ಗೆ ಸರಿಯಾದ ಸೈಕಲ್ ತಗೊಳ್ಳಿ. ಉಳಿದ ನೂರು ಕಿಲೋಮೀಟರ್ ಯಾವ ಸೈಕಲ್‌ನಲ್ಲೂ ಹೋಗಬಹುದು.

ನಮ್ಮ ಊರಿನಿಂದ ಹೊರಡುವವರಿಗೆ ಮುಖ್ಯವಾಗಿ ಎರಡು ಥರದ ದಾರಿ. ಒಂದು ಸಮುದ್ರದ ಪಕ್ಕದ್ದು. ಪನ್ವೇಲ್‌ನಿಂದ ಕನ್ಯಾಕುಮಾರಿಗೆ ಹೋಗುವ 66ನೇ ಹೆದ್ದಾರಿ ನಮ್ಮ ಮನೆ ಮುಂದೆಯೇ ಹೋಗುತ್ತದೆ. ಮಂಗಳೂರು, ಸುರತ್ಕಲ್, ಮೂಲ್ಕಿ, ಪಡುಬಿದ್ರಿ, ಕಾಪು, ಉಡುಪಿ, ಕುಂದಾಪುರ. ಮುಂದೆ ಮರವಂತೆಯಲ್ಲಿ ಎಡಗಡೆ ಸಮುದ್ರ, ಬಲಗಡೆ ಸೌಪರ್ಣಿಕಾ. ಅಲ್ಲಿಂದ ಬೈಂದೂರು, ಭಟ್ಕಳ, ಹೊನ್ನಾವರ, ಕುಮಟಾ, ಅಂಕೋಲಾ, ಕಾರವಾರ. ಇಲ್ಲಿ ಏರು ದೊಡ್ಡದಲ್ಲ. ಕಷ್ಟ ಇರುವುದು ಬಿಸಿಲು, ಸೆಕೆ, ಲಾರಿ ಮತ್ತು ಗಾಳಿಯದ್ದು. ಮಧ್ಯಾಹ್ನದ ಮೇಲೆ ಕಡಲಿನಿಂದ ಗಾಳಿ ಬೀಸಲು ಶುರುವಾಗುತ್ತದೆ. ಬೇಸಿಗೆಯಲ್ಲಿ ಅದು ಹೆಚ್ಚಾಗಿ ವಾಯವ್ಯದ ಗಾಳಿ. ಕಾರವಾರದ ಕಡೆ ಹೋಗುವವರ ಮುಖಕ್ಕೇ ಬರುತ್ತದೆ. ಬೆಳಿಗ್ಗೆ ಗಂಟೆಗೆ 22 ಕಿಲೋಮೀಟರ್ ಹೋಗುತ್ತಿದ್ದವರು ಮಧ್ಯಾಹ್ನ ಮೂರರ ಹೊತ್ತಿಗೆ 15ಕ್ಕೆ ಇಳಿಯುತ್ತಾರೆ. ‘ನನಗೆ ಶಕ್ತಿ ಇಲ್ಲ’ ಅಂದುಕೊಳ್ಳುತ್ತಾರೆ. ಶಕ್ತಿ ಇದೆ, ಎದುರಿಗೆ ಗಾಳಿ ಇದೆ ಅಷ್ಟೆ. ಬೆಳಿಗ್ಗೆ ಐದಕ್ಕೇ ಹೊರಟುಬಿಡಿ.

ಇನ್ನೊಂದು ಘಟ್ಟದ ದಾರಿ. ಆಗುಂಬೆ, ಹುಲಿಕಲ್, ಚಾರ್ಮಾಡಿ, ಶಿರಾಡಿ. ಶಿರಾಡಿಯಲ್ಲಿ ಬೆಂಗಳೂರು ಲಾರಿಗಳ ಸಾಲು, ಹೊಸಬರಿಗೆ ಅದು ಬೇಡ. ಆಗುಂಬೆಯನ್ನೇ ಲೆಕ್ಕಕ್ಕೆ ತಗೊಳ್ಳೋಣ. ಉಡುಪಿ, ಮಣಿಪಾಲ, ಹೆಬ್ರಿ ದಾಟಿ ಸೋಮೇಶ್ವರಕ್ಕೆ ಬರುವವರೆಗೆ ಮಾಮೂಲಿ ಏರಿಳಿತ. ಸೋಮೇಶ್ವರ ದಾಟಿದ ಮೇಲೆ ಕಾಡು, 14 ಹೇರ್‌ಪಿನ್ ತಿರುವು. ಮೇಲೆ ಆಗುಂಬೆ ಸಮುದ್ರ ಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ. ಉಡುಪಿಯಿಂದ ತೀರ್ಥಹಳ್ಳಿಗೆ ಹೊರಟವರ ಅತಿ ಕಷ್ಟದ ಹತ್ತು ಕಿಲೋಮೀಟರ್ ಅಂದರೆ ಅದೇ.

ಈಗ ಗೇರಿನ ವಿಷಯಕ್ಕೆ ಬರುತ್ತೇನೆ. ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ತಗೊಳ್ಳುತ್ತೇನೆ, ಯಾಕೆಂದರೆ ದೂರದ ದಾರಿಯ ಅರ್ಧ ಸುಖ-ದುಃಖ ಇರುವುದು ಇಲ್ಲಿಯೇ.

ಮನೆಯಲ್ಲಿ ಹೀಗೆ ಮಾಡಿ. ಟೈರಿನ ಮೇಲೆ, ನೆಲಕ್ಕೆ ತಾಗುವ ಜಾಗದಲ್ಲಿ ಚಾಕ್‌ನಿಂದ ಒಂದು ಗೀಟು ಎಳೆಯಿರಿ. ನೆಲದ ಮೇಲೂ ಅದರ ಕೆಳಗೇ ಒಂದು ಗೀಟು. ಸೈಕಲನ್ನು ನೇರವಾಗಿ ತಳ್ಳಿ, ಟೈರಿನ ಗೀಟು ಮತ್ತೆ ನೆಲಕ್ಕೆ ಬಂದಾಗ ನಿಲ್ಲಿಸಿ. ಟೇಪ್ ಹಿಡಿದು ಅಳೆಯಿರಿ. 700ಸಿ ಅನ್ನುವ ಅಳತೆಯ ಚಕ್ರಕ್ಕೆ 32 ಎಂಎಂ ಅಗಲದ ಟೈರ್ ಇದ್ದರೆ ಸುಮಾರು 2.15 ಮೀಟರ್ ಬರುತ್ತದೆ. ಚಕ್ರ ಒಂದು ಸುತ್ತು ಬಂದರೆ ನೀವು ಅಷ್ಟು ದೂರ ಹೋದಿರಿ. ಇನ್ನು ಪೆಡಲಿನ ಹತ್ತಿರ ಇರುವ ಅತಿ ಸಣ್ಣ ಹಲ್ಲಿನ ಚಕ್ರದ ಹಲ್ಲು ಎಣಿಸಿ. ಹಿಂದಿನ ಅತಿ ದೊಡ್ಡದರ ಹಲ್ಲು ಎಣಿಸಿ. ಮುಂದಿನದನ್ನು ಹಿಂದಿನದರಿಂದ ಭಾಗಿಸಿ, 2.15ರಿಂದ ಗುಣಿಸಿ. ನಿಮ್ಮ ಸೈಕಲಿನ ಅತಿ ಹಗುರ ಗೇರಿನಲ್ಲಿ ಒಂದು ಸಲ ತುಳಿದರೆ ಎಷ್ಟು ದೂರ ಹೋಗುತ್ತೀರಿ ಅನ್ನುವ ಉತ್ತರ ಅದು. ಸೈಕಲಿನ ಬಗ್ಗೆ ಇದಕ್ಕಿಂತ ಮುಖ್ಯವಾದ ಸಂಖ್ಯೆ ಇಲ್ಲ ಅನ್ನುವುದು ನನ್ನ ಅಭಿಪ್ರಾಯ. ಅಂಗಡಿಯ ಕಾಗದದಲ್ಲಿ ಮಾತ್ರ ಇದನ್ನು ಯಾರೂ ಬರೆದಿರುವುದಿಲ್ಲ.

ಯಾಕೆ ಮುಖ್ಯ? ಬೆನ್ನ ಹಿಂದೆ ಹತ್ತು ಕಿಲೋ ಸಾಮಾನು ಇಟ್ಟುಕೊಂಡು ಘಾಟಿ ಹತ್ತುವಾಗ ನಮ್ಮಂಥ ಸಾಮಾನ್ಯರು ಹೋಗುವುದು ಗಂಟೆಗೆ 8 ಕಿಲೋಮೀಟರ್ ವೇಗದಲ್ಲಿ. ಅಂದರೆ ನಿಮಿಷಕ್ಕೆ 133 ಮೀಟರ್. ಹಳೆಯ ಥರದ ರೇಸಿಂಗ್ ಸೈಕಲಿನಲ್ಲಿ ಮುಂದೆ 39 ಹಲ್ಲು, ಹಿಂದೆ 25 ಹಲ್ಲು ಇರುತ್ತಿತ್ತು. ಅದರಲ್ಲಿ ಒಂದು ತುಳಿತಕ್ಕೆ 3.35 ಮೀಟರ್. 133 ಮೀಟರ್‌ಗೆ 40 ತುಳಿತ. ನಿಮಿಷಕ್ಕೆ 40 ಅಂದರೆ ಪ್ರತಿ ತುಳಿತಕ್ಕೂ ಮಂಡಿ ಮೇಲೆ ಪೂರ್ತಿ ಭಾರ ಬೀಳುತ್ತದೆ. ಎದ್ದು ನಿಂತು ತುಳಿಯಬೇಕು. ಮೂರನೇ ತಿರುವಿಗೇ ಕಾಲು ಕಟ್ಟುತ್ತದೆ. ಈಗಿನ ರೋಡ್ ಬೈಕ್ ಅನ್ನುವ ಸಪೂರ ಟೈರಿನ ಸೈಕಲ್‌ಗಳಲ್ಲಿ 34ಕ್ಕೆ 28 ಸಿಗುತ್ತದೆ. ಅದರಲ್ಲಿ ನಿಮಿಷಕ್ಕೆ 51. ಪರವಾಗಿಲ್ಲ, ಆದರೆ ಸುಖ ಇಲ್ಲ. ಇನ್ನು ಸಾಧಾರಣ ಬೆಲೆಯ 21 ಗೇರಿನ ಸೈಕಲ್ ನೋಡಿ. ಮುಂದೆ 24 ಹಲ್ಲು, ಹಿಂದೆ 28 ಹಲ್ಲು. ಒಂದು ತುಳಿತಕ್ಕೆ 1.84 ಮೀಟರ್. ನಿಮಿಷಕ್ಕೆ 72 ತುಳಿತ. ಕೂತುಕೊಂಡೇ, ಮೂಗಿನಲ್ಲೇ ಉಸಿರಾಡುತ್ತಾ ಹತ್ತಬಹುದು. ಪಕ್ಕದವರ ಹತ್ತಿರ ಮಾತಾಡಬಹುದು.

ನೋಡಿದಿರಾ? ಲಕ್ಷ ರೂಪಾಯಿಯ ಸೈಕಲಿಗಿಂತ ಎಷ್ಟೋ ಕಡಿಮೆ ಬೆಲೆಯದ್ದು ಆಗುಂಬೆಗೆ ಹೆಚ್ಚು ಸರಿ ಹೋಗುತ್ತದೆ. ದುಬಾರಿ ಸೈಕಲ್ ಕೆಟ್ಟದ್ದು ಅಂತಲ್ಲ. ಅದನ್ನು ಮಾಡಿರುವುದು ಬೇರೆ ಕೆಲಸಕ್ಕೆ.

‘ಸಣ್ಣ ಗೇರ್ ತಗೊಂಡರೆ ಸಪಾಟು ರಸ್ತೆಯಲ್ಲಿ ಹಿಂದೆ ಬೀಳುವುದಿಲ್ಲವಾ’ ಅಂತ ಕೇಳುತ್ತಾರೆ. ಅದೇ 21 ಗೇರಿನದರಲ್ಲಿ ಅತಿ ಭಾರದ ಗೇರ್ 42ಕ್ಕೆ 14. ಒಂದು ತುಳಿತಕ್ಕೆ 6.45 ಮೀಟರ್. ನಿಮಿಷಕ್ಕೆ 80 ಸಲ ತುಳಿದರೆ ಗಂಟೆಗೆ 31 ಕಿಲೋಮೀಟರ್. ಸಾಮಾನು ಕಟ್ಟಿಕೊಂಡು ಇಡೀ ದಿನ ಹೋಗುವವರಿಗೆ ಅಷ್ಟು ಸಾಕಲ್ವಾ? ಇಳಿಜಾರಿನಲ್ಲಿ ತುಳಿಯುವುದೇ ಬೇಡ.

ಇಲ್ಲಿ ಒಂದು ಹಳೆಯ ಕತೆ ಹೇಳಬೇಕು. ಫ್ರಾನ್ಸಿನ ಸೇಂಟ್ ಎಟಿಯೆನ್ ಎಂಬ ಊರಿನಲ್ಲಿ ಪೌಲ್ ದ ವಿವಿ ಎಂಬವರಿದ್ದರು. ಮೊದಲು ರೇಷ್ಮೆ ವ್ಯಾಪಾರ, ಆಮೇಲೆ ಸೈಕಲ್ ಅಂಗಡಿ, ಸೈಕಲ್ ಪತ್ರಿಕೆ. ಸುತ್ತ ಗುಡ್ಡಗಳಿರುವ ಜಾಗ. ಗುಡ್ಡ ಹತ್ತಬೇಕಾದರೆ ಗೇರ್ ಬದಲಿಸುವ ವ್ಯವಸ್ಥೆ ಬೇಕೇ ಬೇಕು ಅಂತ 1930ರಲ್ಲಿ ತೀರಿಕೊಳ್ಳುವವರೆಗೂ ಹೇಳುತ್ತಾ ಬಂದರು. ಆದರೆ 1903ರಲ್ಲಿ ಶುರುವಾದ ಟೂರ್ ಡಿ ಫ್ರಾನ್ಸ್‌ನಲ್ಲಿ ಚೈನನ್ನು ಒಂದು ಹಲ್ಲಿನ ಚಕ್ರದಿಂದ ಇನ್ನೊಂದಕ್ಕೆ ಸರಿಸುವ ಡಿರೇಲರ್ ಗೇರಿಗೆ ಅವಕಾಶ ಸಿಕ್ಕಿದ್ದು 1937ರಲ್ಲಿ. ಗೇರ್ ಇಲ್ಲದೆ ಹತ್ತುವುದೇ ಗಂಡಸುತನ ಅನ್ನುವ ಭಾವನೆ ಅಲ್ಲಿಯೂ ಇತ್ತು. ಊರೂರು ಸುತ್ತುವ ಜನರಿಗೆ ಗೊತ್ತಿದ್ದದ್ದು ರೇಸಿನವರಿಗೆ ಅಷ್ಟು ತಡವಾಗಿ ಸಿಕ್ಕಿತು. ಹಾಗಾಗಿ ನಿಮ್ಮ ಸೈಕಲಿನ ಹಿಂದೆ ತಟ್ಟೆಯಷ್ಟು ದೊಡ್ಡ ಹಲ್ಲಿನ ಚಕ್ರ ಇದ್ದರೆ ಯಾರು ಏನಂದರೂ ತಲೆ ಕೆಡಿಸಿಕೊಳ್ಳಬೇಡಿ.

ಇನ್ನು ಚಕ್ರ. ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ, ಶಿರೂರಿನ ಹತ್ತಿರ ರಸ್ತೆ ಬದಿಯಲ್ಲಿ ಕಲಿತದ್ದು.

ಕೆಲವು ವರ್ಷದ ಹಿಂದೆ ಕಾರವಾರಕ್ಕೆ ಹೊರಟಿದ್ದೆ. ಸಪೂರ ಟೈರಿನ ರೋಡ್ ಬೈಕ್, ಹಿಂದಿನ ಚಕ್ರಕ್ಕೆ 24 ಕಡ್ಡಿ. ಕ್ಯಾರಿಯರಿನಲ್ಲಿ ಬಟ್ಟೆ, ಟೆಂಟು, ನೀರು ಎಲ್ಲ ಸೇರಿ ಹನ್ನೆರಡು ಕಿಲೋ. ಬೈಂದೂರು ದಾಟಿ ಸ್ವಲ್ಪ ದೂರ ಹೋದ ಮೇಲೆ ‘ಟಿಣ್’ ಅಂತ ಒಂದು ಶಬ್ದ. ವೀಣೆಯ ತಂತಿ ಕಡಿದ ಹಾಗೆ. ಹಿಂದಿನ ಚಕ್ರ ಹಾವಿನ ಹಾಗೆ ಅತ್ತಿತ್ತ ಆಡಲು ಶುರುವಾಯಿತು, ಬ್ರೇಕಿಗೆ ಉಜ್ಜಲು ಶುರುವಾಯಿತು. ಇಳಿದು ನೋಡಿದರೆ ಚೈನಿನ ಬದಿಯ ಒಂದು ಕಡ್ಡಿ ಕತ್ತರಿಸಿಹೋಗಿದೆ. ಹಿಂದಿನ ಚಕ್ರದ ಚೈನಿನ ಬದಿಯ ಕಡ್ಡಿಗಳೇ ಅತಿ ಬಿಗಿಯಾಗಿರುತ್ತವೆ, ಕಡಿಯುವುದೂ ಹೆಚ್ಚಾಗಿ ಅವೇ.

ತಳ್ಳಿಕೊಂಡು ಹೋದೆ. ಒಂದು ಮರದ ಕೆಳಗೆ ಶೀಟು ಹಾಕಿದ ಸಣ್ಣ ಸೈಕಲ್ ಶಾಪು. ಎಪ್ಪತ್ತು ದಾಟಿದ ಅಜ್ಜ. ಅವರು ಚಕ್ರವನ್ನು ಎತ್ತಿ ತಿರುಗಿಸಿದರು. ಕಡ್ಡಿಗಳನ್ನು ಎರಡೆರಡಾಗಿ ಬೆರಳಲ್ಲಿ ಹಿಂಡುತ್ತಾ ಹೋದರು. ಕಣ್ಣು ಬೇರೆ ಎಲ್ಲೋ ಇತ್ತು, ಕೈಯೇ ನೋಡುತ್ತಿತ್ತು. ‘ಕಡ್ಡಿ ಇಷ್ಟು ಕಮ್ಮಿ ಇಟ್ಟರೆ ಹೇಗೆ ಮಾರಾಯ್ರೆ, ಒಂದು ಹೋದರೆ ಉಳಿದವಕ್ಕೆ ಹೊರಲಿಕ್ಕೆ ಆಗುವುದಿಲ್ಲ’ ಅಂದರು. ಅವರ ಹತ್ತಿರ ಇದ್ದ ಕಡ್ಡಿ ಎಲ್ಲ 28 ಇಂಚಿನ ಹಳೆಯ ಸೈಕಲಿನದ್ದು, ಉದ್ದ ಬೇರೆ. ಸರಿಯಾದ ಕಡ್ಡಿ ಇದ್ದರೂ ಅದನ್ನು ಹಾಕಲು ಹಿಂದಿನ ಗೇರಿನ ಗೊಂಚಲು ಬಿಚ್ಚಬೇಕು. ಅದಕ್ಕೆ ಬೇರೆಯೇ ಟೂಲ್ ಬೇಕು, ಅದು ಅವರ ಹತ್ತಿರ ಇಲ್ಲ, ನನ್ನ ಹತ್ತಿರವೂ ಇಲ್ಲ. ಅಜ್ಜ ಅಕ್ಕಪಕ್ಕದ ಕಡ್ಡಿಗಳ ನಿಪ್ಪಲ್ ಕಾಲು ಸುತ್ತು, ಅರ್ಧ ಸುತ್ತು ತಿರುಗಿಸಿ ಓಲಾಟ ಕಡಿಮೆ ಮಾಡಿದರು. ಹಿಂದಿನ ಬ್ರೇಕ್ ಸಡಿಲ ಬಿಟ್ಟರು. ‘ಭಟ್ಕಳಕ್ಕೆ ಮೆಲ್ಲ ಹೋಗಿ, ಅಲ್ಲಿಂದ ರೈಲು ಹತ್ತಿ’ ಅಂದರು. ಹಾಗೆಯೇ ಮಾಡಿದೆ. ಸೈಕಲನ್ನು ಲಗೇಜ್ ಬುಕ್ ಮಾಡಿ ಇಂದ್ರಾಳಿ ಸ್ಟೇಷನ್‌ನಲ್ಲಿ ಇಳಿದೆ.

ಮನೆಗೆ ಬಂದ ಮೇಲೆ ಆ ಅಜ್ಜನ ಮಾತನ್ನೇ ಯೋಚಿಸಿದೆ. 36 ಕಡ್ಡಿಯ ಚಕ್ರದಲ್ಲಿ ಒಂದು ಹೋದರೆ ಸ್ವಲ್ಪ ಓಲಾಡುತ್ತದೆ, ಆದರೆ ಹೋಗುತ್ತಾ ಇರುತ್ತದೆ. 24ರಲ್ಲಿ ಒಂದು ಹೋದರೆ ಪ್ರಯಾಣವೇ ನಿಲ್ಲುತ್ತದೆ. ಸಾಮಾನು ಹೊರುವ ಸೈಕಲಿಗೆ ಹಿಂದಿನ ಚಕ್ರದಲ್ಲಿ ಕನಿಷ್ಠ 32 ಕಡ್ಡಿ ಇರಬೇಕು. ನೀವು ದಪ್ಪ ಇದ್ದರೆ 36. ಅಂಗಡಿಯಲ್ಲಿ ನಿಂತು ಎಣಿಸಿ, ಯಾರೂ ಬೇಡ ಅನ್ನುವುದಿಲ್ಲ. ಅದೇ ಉದ್ದದ ಮೂರು ಕಡ್ಡಿ ಜಾಸ್ತಿ ತಗೊಂಡು ಫ್ರೇಮಿಗೆ ಟೇಪ್ ಸುತ್ತಿ ಇಟ್ಟುಕೊಳ್ಳಿ. ನನ್ನ ಈಗಿನ ಸೈಕಲಿನಲ್ಲಿ ಹಿಂದಿನ ಚಕ್ರದ ಪಕ್ಕದ ಕೊಳವೆಗೆ ಕಪ್ಪು ಟೇಪ್ ಸುತ್ತಿದ್ದು ಕಾಣುತ್ತದಲ್ವಾ, ಅದರೊಳಗೆ ಇರುವುದು ಕಡ್ಡಿ.

ಟೈರಿನ ಬಗ್ಗೆ. ಟೈರ್ ಸಪೂರ ಆದಷ್ಟು, ಗಾಳಿ ಗಟ್ಟಿ ಆದಷ್ಟು ಸೈಕಲ್ ಬೇಗ ಓಡುತ್ತದೆ ಅನ್ನುವ ನಂಬಿಕೆ ಇದೆ. ಗಾಜಿನಂಥ ರಸ್ತೆಯಲ್ಲಿ ಇರಬಹುದು. ನಮ್ಮ ಹೆದ್ದಾರಿಯಲ್ಲಿ ಪ್ರತಿ ಸೇತುವೆಯ ಎರಡೂ ತುದಿಯಲ್ಲಿ ಜಾಯಿಂಟು ಇದೆ. ಬಸ್ ಹಾರ್ನ್ ಹೊಡೆದಾಗ ಬಿಳಿ ಗೆರೆಯ ಹೊರಗೆ ಜಲ್ಲಿಗೆ ಇಳಿಯಬೇಕು. ಮಲ್ಪೆಯಿಂದ ಪಡುಕೆರೆ, ಮಟ್ಟು ಮೇಲೆ ಕಾಪುವಿಗೆ ಹೋಗುವ ಕಡಲ ಬದಿಯ ರಸ್ತೆ ಎಷ್ಟು ಚಂದ, ಆದರೆ ಗಾಳಿಗೆ ರಸ್ತೆ ಮೇಲೆಲ್ಲ ಹೊಯಿಗೆ ಬಂದು ಕೂತಿರುತ್ತದೆ. 25 ಎಂಎಂ ಟೈರ್ ಹೊಯಿಗೆಯಲ್ಲಿ ಕತ್ತಿಯ ಹಾಗೆ ಇಳಿಯುತ್ತದೆ. 35ರಿಂದ 38 ಎಂಎಂ ಟೈರ್ ಹಾಕಿ, 50-60 ಪಿಎಸ್ಐ ಗಾಳಿ ಇಡಿ. ಟೈರೇ ಗುಂಡಿಯ ಪೆಟ್ಟನ್ನು ತಿಂದುಕೊಳ್ಳುತ್ತದೆ, ನಿಮ್ಮ ಸೊಂಟಕ್ಕೆ ಬಿಡುವುದಿಲ್ಲ. ಮೇಲ್ಮೈ ಆದಷ್ಟು ನುಣುಪಾಗಿರಲಿ. ಕಾಡಿನ ದಾರಿಗೆ ಮಾಡಿದ ಗುಬುಟು ಗುಬುಟು ಟೈರ್ ಡಾಂಬರಿನಲ್ಲಿ ‘ಗುಂಯ್’ ಅಂತ ಸದ್ದು ಮಾಡುತ್ತಾ ಶಕ್ತಿ ತಿನ್ನುತ್ತದೆ.

ಹಾಗಾಗಿ ಫ್ರೇಮ್ ನೋಡುವಾಗ ಅಗಲ ಟೈರಿಗೆ, ಅದರ ಮೇಲೆ ಮಡ್‌ಗಾರ್ಡಿಗೆ ಜಾಗ ಇದೆಯಾ ಅಂತ ಬೆರಳು ತೂರಿಸಿ ನೋಡಿ. ಮಳೆಗಾಲದಲ್ಲಿ ನಮ್ಮ ಕೆಂಪು ಮಣ್ಣು ಟೈರಿಗೂ ಮಡ್‌ಗಾರ್ಡಿಗೂ ನಡುವೆ ಕೂತರೆ ಮುರಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಚಕ್ರವೇ ತಿರುಗುವುದಿಲ್ಲ.

ಟ್ಯೂಬಿನ ವಾಲ್ವ್ ಸಣ್ಣ ವಿಷಯ, ಆದರೆ ಹೇಳಲೇಬೇಕು. ದುಬಾರಿ ಸೈಕಲ್‌ಗಳಲ್ಲಿ ಸಪೂರದ ಪ್ರೆಸ್ಟಾ ವಾಲ್ವ್ ಇರುತ್ತದೆ. ಅದಕ್ಕೆ ಪಂಕ್ಚರ್ ಅಂಗಡಿಯ ಕಂಪ್ರೆಸರ್ ಕೂರುವುದಿಲ್ಲ. ಕಾರು, ಬೈಕಿನದ್ದೇ ಥರದ ದಪ್ಪ ಶ್ರೇಡರ್ ವಾಲ್ವ್ ಇದ್ದರೆ ಯಾವ ಊರಿನಲ್ಲೂ ಗಾಳಿ ಸಿಗುತ್ತದೆ. ಪ್ರೆಸ್ಟಾ ಇರುವವರು ಹಿತ್ತಾಳೆಯ ಸಣ್ಣ ಅಡಾಪ್ಟರ್ ಎರಡು ಇಟ್ಟುಕೊಳ್ಳಿ. ಒಂದು ಹೇಗೂ ಕಳೆದುಹೋಗುತ್ತದೆ.

ಬ್ರೇಕ್. ಘಾಟಿ ಹತ್ತುವುದಕ್ಕೆ ಹೆದರುತ್ತಾರೆ, ಇಳಿಯುವುದಕ್ಕೆ ಯಾರೂ ಹೆದರುವುದಿಲ್ಲ. ಹೆದರಬೇಕಾದದ್ದು ಇಳಿಯುವುದಕ್ಕೆ. ಮಳೆಯಲ್ಲಿ ರಿಮ್ಮನ್ನು ಹಿಡಿಯುವ ಬ್ರೇಕ್ ಮೊದಲು ನೀರನ್ನು ಒರೆಸಬೇಕು, ಆಮೇಲೆ ಹಿಡಿಯಬೇಕು. ಅಷ್ಟರಲ್ಲಿ ನೀವು ತಿರುವಿನಲ್ಲಿರುತ್ತೀರಿ. ನಮ್ಮ ಕಡೆಗೆ ನನ್ನ ಆಯ್ಕೆ ಕೇಬಲ್ ಎಳೆಯುವ ಡಿಸ್ಕ್ ಬ್ರೇಕ್. ಎಣ್ಣೆಯ ಹೈಡ್ರಾಲಿಕ್ ಡಿಸ್ಕ್ ಇನ್ನೂ ಚೆನ್ನಾಗಿ ಹಿಡಿಯುತ್ತದೆ, ಸತ್ಯ. ಆದರೆ ಕೊಪ್ಪದ ದಾರಿಯಲ್ಲಿ ಎಲ್ಲೋ ಎಣ್ಣೆ ಸೋರಿದರೆ ಸರಿ ಮಾಡುವವರು ಸಿಗುವುದು ಕಷ್ಟ. ಕೇಬಲ್ ಕಡಿದರೆ ಒಂದು ಕೇಬಲ್ ಚೀಲದಲ್ಲಿ ಇಟ್ಟುಕೊಂಡರೆ ಆಯಿತು, ಕಾಲು ಗಂಟೆಯ ಕೆಲಸ. ಇಳಿಯುವಾಗ ಬ್ರೇಕನ್ನು ಹಿಡಿದೇ ಇರಬೇಡಿ. ತಿರುವಿನ ಮೊದಲು ಚೆನ್ನಾಗಿ ಹಿಡಿದು ವೇಗ ಇಳಿಸಿ, ಬಿಡಿ, ಮತ್ತೆ ಹಿಡಿಯಿರಿ. ಬಿಟ್ಟಾಗ ಅದಕ್ಕೆ ತಣಿಯಲು ಸಮಯ ಸಿಗುತ್ತದೆ.

ಮುಂದೆ ಸ್ಪ್ರಿಂಗ್ ಇರುವ ಫೋರ್ಕ್ ನೋಡಲು ಚಂದ, ಹಾಗಾಗಿ ಮಕ್ಕಳೆಲ್ಲ ಅದನ್ನೇ ಕೇಳುತ್ತಾರೆ. ಕಡಿಮೆ ಬೆಲೆಯದ್ದು ಎರಡು-ಎರಡೂವರೆ ಕಿಲೋ ತೂಗುತ್ತದೆ. ಏರಿನಲ್ಲಿ ಪ್ರತಿ ತುಳಿತಕ್ಕೂ ತಗ್ಗಿ ಏಳುತ್ತದೆ. ಡಾಂಬರು ರಸ್ತೆಯಲ್ಲಿ ಹೋಗುವವರಿಗೆ ಬೇಡ.

ಫ್ರೇಮ್ ಸ್ಟೀಲಾ, ಅಲ್ಯೂಮಿನಿಯಮ್ಮಾ ಅನ್ನುವ ಚರ್ಚೆಯಲ್ಲಿ ರಾತ್ರಿಯೆಲ್ಲ ಕಳೆಯುವವರಿದ್ದಾರೆ. ಎರಡೂ ಆಗುತ್ತದೆ. ಕಾರ್ಬನ್ ಮಾತ್ರ ಸಾಮಾನು ಹೊರುವ ಪ್ರಯಾಣಕ್ಕೆ ನಾನು ಹೇಳುವುದಿಲ್ಲ. ಸ್ಟೀಲಾದರೆ ತುಕ್ಕಿನ ಮೇಲೆ ಕಣ್ಣಿಡಬೇಕು. ಅದಕ್ಕಿಂತ ಮುಖ್ಯ ಹಿಂದಿನ ಆಕ್ಸಲ್ ಹತ್ತಿರ ಕ್ಯಾರಿಯರ್ ಕೂರಿಸಲು ಬೋಲ್ಟಿನ ತೂತು ಇದೆಯಾ ಅನ್ನುವುದು. ಎಷ್ಟೋ ಸೈಕಲ್‌ಗಳಲ್ಲಿ ಇರುವುದಿಲ್ಲ. ಆಮೇಲೆ ಕ್ಲಾಂಪ್ ಹಾಕಿ ಕಟ್ಟಿದ ಕ್ಯಾರಿಯರ್ ನೂರು ಕಿಲೋಮೀಟರ್‌ಗೆ ಜಾರಿ ಟೈರಿನ ಮೇಲೆ ಕೂರುತ್ತದೆ. ಸಾಮಾನನ್ನು ಕ್ಯಾರಿಯರ್ ಮೇಲೆ ಗೋಪುರದ ಹಾಗೆ ಕಟ್ಟಬೇಡಿ. ಎರಡೂ ಬದಿಗೆ ಚೀಲ ಇಳಿಬಿಟ್ಟರೆ ಭಾರ ಕೆಳಗಿರುತ್ತದೆ, ತಿರುವಿನಲ್ಲಿ ಸೈಕಲ್ ಎಳೆಯುವುದಿಲ್ಲ. ಹಿಮ್ಮಡಿ ಚೀಲಕ್ಕೆ ತಾಗುತ್ತದೆಯಾ ಅಂತ ಮನೆಯಲ್ಲೇ ನೋಡಿಕೊಳ್ಳಿ.

ಇಷ್ಟೆಲ್ಲ ಸರಿ ಇದ್ದರೂ ಸೈಕಲ್ ನಿಮ್ಮ ಮೈಗೆ ಸರಿ ಇಲ್ಲದಿದ್ದರೆ ಪ್ರಯೋಜನ ಇಲ್ಲ. ನಮ್ಮ ಜೊತೆ ಬರುವ ಒಬ್ಬರು ಅಕ್ಕ, ಶಾಲೆಯಲ್ಲಿ ಟೀಚರ್. ಅಂಗಡಿಯಲ್ಲಿ ಇದ್ದ ಒಂದೇ ಒಂದು ದೊಡ್ಡ ಸೈಜಿನ ಸೈಕಲನ್ನು ‘ಸೀಟು ಇಳಿಸಿದರೆ ಆಯಿತು’ ಅಂತ ಹೇಳಿ ಅವರಿಗೆ ಕೊಟ್ಟಿದ್ದರು. ಸೀಟು ಇಳಿಸಿದರೆ ಕಾಲು ನೆಲಕ್ಕೆ ಮುಟ್ಟುತ್ತದೆ, ನಿಜ. ಆದರೆ ಸೀಟಿಗೂ ಹ್ಯಾಂಡಲಿಗೂ ನಡುವಿನ ದೂರ ಕಡಿಮೆಯಾಗುವುದಿಲ್ಲವಲ್ಲ. ಪಾಪ, ನಲವತ್ತು ಕಿಲೋಮೀಟರ್ ಆಗುವಾಗ ಅವರ ಕಿರುಬೆರಳು ಜೋಮು ಹಿಡಿಯುತ್ತಿತ್ತು. ಮರುದಿನ ಬೋರ್ಡಿನ ಮೇಲೆ ಬರೆಯಲು ಆಗುತ್ತಿರಲಿಲ್ಲ. ‘ನನ್ನ ಕೈಯೇ ಸರಿ ಇಲ್ಲ’ ಅಂತ ಸೈಕಲ್ ಬಿಡುವ ಯೋಚನೆಯಲ್ಲಿದ್ದರು. ಇದನ್ನು ನೆನೆದರೆ ನನಗೆ ಈಗಲೂ ಬೇಜಾರು. ಎಷ್ಟು ಜನ ಹೀಗೆ ತಮ್ಮ ಮೈಯನ್ನೇ ದೂರಿ ಸೈಕಲ್ ಬಿಟ್ಟಿರಬಹುದು.

ಅಳತೆ ತೆಗೆಯುವುದು ಹೀಗೆ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಒಂದು ದಪ್ಪ ಪುಸ್ತಕವನ್ನು ಕಾಲ ಸಂದಿಯಲ್ಲಿ ಸೀಟಿನ ಹಾಗೆ ಮೇಲಕ್ಕೆ ಒತ್ತಿ ಹಿಡಿಯಿರಿ. ಪುಸ್ತಕದ ಮೇಲಿನ ಅಂಚಿನಿಂದ ನೆಲಕ್ಕೆ ಎಷ್ಟು ಸೆಂಟಿಮೀಟರ್ ಅಂತ ನೋಡಿ. ಅದನ್ನು 0.883ರಿಂದ ಗುಣಿಸಿ. ಆ ಅಕ್ಕನಿಗೆ 72 ಬಂತು, ಗುಣಿಸಿದರೆ 63.6. ಎರಡೂ ಪೆಡಲಿನ ಕೈಗಳು ಫ್ರೇಮಿಗೆ ಸೇರಿ ತಿರುಗುವ ಜಾಗದ ನಡುವಿನಿಂದ ಸೀಟಿನ ಮೇಲ್ಭಾಗಕ್ಕೆ ಅಷ್ಟು ಇರಬೇಕು. ಇದು ಆರಂಭದ ಅಳತೆ, ಆಮೇಲೆ ಮೈ ಹೇಳಿದ ಹಾಗೆ ಸ್ವಲ್ಪ ಹೆಚ್ಚು ಕಡಿಮೆ ಮಾಡಿಕೊಳ್ಳಿ. ಮಂಡಿಯ ಮುಂಭಾಗ ನೋವು ಬಂದರೆ ಸೀಟು ತಗ್ಗಾಯಿತು ಅಂತ ನೋಡಿ, ಮಂಡಿಯ ಹಿಂದೆ ನೋವು ಬಂದರೆ ಎತ್ತರವಾಯಿತು ಅಂತ. ಹ್ಯಾಂಡಲ್ ಹಿಡಿದಾಗ ಮೊಣಕೈ ಸ್ವಲ್ಪ ಮಡಚಿರಬೇಕು. ಅಕ್ಕನ ಸೈಕಲಿಗೆ ಹ್ಯಾಂಡಲನ್ನು ಹಿಡಿದುಕೊಳ್ಳುವ ಸ್ಟೆಮ್ ಗಿಡ್ಡದ್ದು ಹಾಕಿಸಿದೆವು, ಸ್ವಲ್ಪ ಸರಿಯಾಯಿತು. ಪೂರ್ತಿ ಸರಿಯಾದದ್ದು ಸಣ್ಣ ಫ್ರೇಮ್ ತಗೊಂಡ ಮೇಲೆ. ಈಗ ಅವರು ಚಾರ್ಮಾಡಿ ಹತ್ತಿದ್ದಾರೆ.

ನಮ್ಮ ಕರಾವಳಿಯವರಿಗೆ ಮಾತ್ರ ಹೇಳಬೇಕಾದ ಒಂದು ವಿಷಯ ಇದೆ, ಉಪ್ಪು. ಮರವಂತೆಯ ಹತ್ತಿರ ಒಂದು ರಾತ್ರಿ ಸೈಕಲನ್ನು ಹೊರಗೆ ಬಿಟ್ಟಿದ್ದೆ. ಬೆಳಿಗ್ಗೆ ಚೈನ್ ಮುಟ್ಟಿದರೆ ಬೆರಳಿಗೆ ಕುಂಕುಮದ ಹಾಗೆ ತುಕ್ಕು ಹತ್ತಿತು. ಒಂದೇ ರಾತ್ರಿಗೆ. ಕಡಲ ಬದಿ ಹೋಗಿ ಬಂದರೆ ಸಿಹಿನೀರಿನಲ್ಲಿ ತೊಳೆದು, ಒರೆಸಿ, ಎಣ್ಣೆ ಬಿಡಲೇಬೇಕು. ಹೊಸ ಸೈಕಲ್ ತಂದ ದಿನವೇ ಸೀಟಿನ ಕೊಳವೆಯನ್ನು ಪೂರ್ತಿ ಹೊರಗೆ ಎಳೆದು ಗ್ರೀಸ್ ಹಚ್ಚಿ ಮತ್ತೆ ಹಾಕಿ. ಹಾಗೆ ಮಾಡದಿದ್ದರೆ ಎರಡು ಮಳೆಗಾಲ ಕಳೆದ ಮೇಲೆ ಫ್ರೇಮಿಗೂ ಅದಕ್ಕೂ ಬೆಸುಗೆ ಹಾಕಿದ ಹಾಗೆ ಆಗುತ್ತದೆ. ಕಾರ್ಬನ್ ಕೊಳವೆಗೆ ಮಾತ್ರ ಗ್ರೀಸ್ ಅಲ್ಲ, ಅದಕ್ಕೆಂದೇ ಬೇರೆ ಪೇಸ್ಟ್ ಸಿಗುತ್ತದೆ.

ವೇಗದ ಬಗ್ಗೆ ಕೇಳುವವರು ಜಾಸ್ತಿ. ಬ್ರೆವೆ ಅಂತ ಒಂದು ದೂರದ ಸೈಕಲ್ ಸವಾರಿ ಇದೆ, ನಿಮ್ಮಲ್ಲಿ ಕೆಲವರು ಮಾಡಿರಬಹುದು. ಇದು ಸ್ಪರ್ಧೆ ಅಲ್ಲ, ಹೇಳಿದ ಸಮಯದೊಳಗೆ ಮುಗಿಸಿದರೆ ಸಾಕು. 200 ಕಿಲೋಮೀಟರ್‌ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆ. ಲೆಕ್ಕ ಹಾಕಿದರೆ ಊಟ, ಚಹಾ, ಪಂಕ್ಚರ್ ಎಲ್ಲ ಸೇರಿಸಿ ಗಂಟೆಗೆ ಹದಿನೈದು ಕಿಲೋಮೀಟರ್. 1891ರಲ್ಲಿ ಶುರುವಾದ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ. ಅಲ್ಲಿಯೂ 1200 ಕಿಲೋಮೀಟರ್‌ಗೆ 90 ಗಂಟೆ ಕೊಡುತ್ತಾರೆ. ಅಂದರೆ ಗಂಟೆಗೆ ಹದಿಮೂರು ಚಿಲ್ಲರೆ. ಜಗತ್ತಿನ ಅತಿ ಹೆಸರಾದ ದೂರದ ಸವಾರಿಗೇ ಅಷ್ಟು ಸಾಕು ಅಂದ ಮೇಲೆ ನಾವು ಒಂದು ಕಿಲೋ ಹಗುರ ಸೈಕಲಿಗೆ ಐವತ್ತು ಸಾವಿರ ಯಾಕೆ ಜಾಸ್ತಿ ಕೊಡಬೇಕು? ಹತ್ತನೇ ಗಂಟೆಯಲ್ಲೂ ಸೀಟಿನ ಮೇಲೆ ಕೂರಲು ಆಗಬೇಕು, ಅದು ಮುಖ್ಯ.

ಇನ್ನು ನಿಮ್ಮ ಪ್ರಶ್ನೆಗಳು.

ಹಾಗಾದರೆ ಒಟ್ಟಿಗೆ ಯಾವ ಸೈಕಲ್ ಅಂತ ಒಂದೇ ಮಾತಲ್ಲಿ ಹೇಳಿ ಅಂತ ಒಬ್ಬರು ಕೇಳಿದರು. ಇಲ್ಲಿಂದ ಹೊರಟು ಕರಾವಳಿಗೂ ಘಟ್ಟಕ್ಕೂ ಆಗಬೇಕಾದರೆ ಹೈಬ್ರಿಡ್. ಮುಂದೆ ಗಟ್ಟಿ ಫೋರ್ಕ್, 35 ಎಂಎಂ ಮೇಲ್ಪಟ್ಟ ಟೈರ್, ಪೆಡಲಿನ ಹತ್ತಿರ ಹಲ್ಲಿನ ಚಕ್ರ ಮೂರು, 32 ಕಡ್ಡಿ, ಕ್ಯಾರಿಯರಿಗೆ ತೂತು. 25-30 ಸಾವಿರದ ಆಸುಪಾಸಿನಲ್ಲಿ ಹುಡುಕಿದರೆ ಸಿಗುತ್ತದೆ. ತಗೊಳ್ಳುವ ಮೊದಲು ಅಂಗಡಿಯವರನ್ನು ಕೇಳಿ ಒಂದು ಸುತ್ತು ಹೋಗಿ. ಅಂಗಡಿಯ ಮುಂದಿನ ಸಪಾಟು ರಸ್ತೆಯಲ್ಲಿ ಅಲ್ಲ. ಕ್ಯಾರಿಯರಿಗೆ ಹತ್ತು ಕಿಲೋ ಕುಚ್ಚಲಕ್ಕಿ ಕಟ್ಟಿ ಇಂದ್ರಾಳಿಯಿಂದ ಮಣಿಪಾಲಕ್ಕೆ ಹತ್ತಿ. ಕ್ಯಾರಿಯರ್ ಇಲ್ಲದಿದ್ದರೆ ಅಕ್ಕಿಯನ್ನು ಬೆನ್ನಿಗೆ ಹಾಕಿಕೊಳ್ಳಿ. ಮಂಗಳೂರಿನವರಿಗೆ ಕದ್ರಿ ಗುಡ್ಡ ಇದೆ. ಕೂತಲ್ಲಿಂದ ಏಳದೆ ಮೇಲೆ ಮುಟ್ಟಿದರೆ ಗೇರ್ ಸರಿ ಇದೆ.

ಕಾಲೇಜಿನ ಹುಡುಗಿಯೊಬ್ಬಳು ಕೇಳಿದಳು, ಮನೆಯಲ್ಲಿ ಅಣ್ಣನ ಹಳೆಯ ಎಂಟಿಬಿ, ಅಂದರೆ ಮೌಂಟನ್ ಬೈಕ್ ಸೈಕಲ್ ಇದೆ, ಹೊಸತು ತೆಗೆಸಿಕೊಡುವುದಿಲ್ಲ, ಅದರಲ್ಲಿ ಆಗುವುದಿಲ್ಲವಾ ಅಂತ. ಆಗುತ್ತದಮ್ಮ, ಖಂಡಿತ ಆಗುತ್ತದೆ. 26 ಇಂಚಿನ ಚಕ್ರ ಗಟ್ಟಿ, ಟೈರು-ಟ್ಯೂಬು ಯಾವ ಪೇಟೆಯಲ್ಲೂ ಸಿಗುತ್ತದೆ, ಗೇರೂ ಹಗುರ. ಗುಬುಟಿನ ಟೈರ್ ತೆಗೆದು ಒಂದೂವರೆ ಇಂಚಿನ ನುಣುಪು ಟೈರ್ ಹಾಕಿಸು. ಚೈನ್ ಮತ್ತು ಹಿಂದಿನ ಹಲ್ಲಿನ ಚಕ್ರಗಳ ಗೊಂಚಲು, ಅಂದರೆ ಫ್ರೀವೀಲ್, ಒಟ್ಟಿಗೆ ಹೊಸತು ಹಾಕಿಸು, ಒಂದೇ ಹಾಕಿದರೆ ಹಲ್ಲು ಜಾರುತ್ತದೆ. ಬ್ರೇಕ್ ರಬ್ಬರ್, ಕೇಬಲ್ ಬದಲಿಸು. ಹ್ಯಾಂಡಲಿನ ಎರಡು ತುದಿಗೆ ಕೊಂಬಿನ ಥರದ್ದು ಸಿಗುತ್ತದೆ, ಅದು ಇದ್ದರೆ ಕೈ ಹಿಡಿಯಲು ಇನ್ನೊಂದು ಜಾಗ ಆಯಿತು. ಅಣ್ಣನ ಅಳತೆಯದ್ದಲ್ವಾ, ಗೋಡೆಗೆ ನಿಂತು ನಿನ್ನ ಅಳತೆ ಮೊದಲು ತೆಗೆ.

ಕೊನೆಗೆ ಆ ಕಪ್ಪು ಸೈಕಲಿನವರು ಎದ್ದು ನಿಂತರು. ಹತ್ತೊಂಬತ್ತು-ಇಪ್ಪತ್ತರ ಹುಡುಗ. ಸೈಕಲ್ ಅವನ ಅಜ್ಜನದ್ದಂತೆ. ಇದರಲ್ಲಿ ಆಗುಂಬೆ ಹತ್ತಬಹುದಾ ಅಂತ ಕೇಳಿದ. ಅವನಿಗೆ ಸುಳ್ಳು ಧೈರ್ಯ ಕೊಡಲು ಮನಸ್ಸಾಗಲಿಲ್ಲ. ಆ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಮುಂದೆ 44 ಹಲ್ಲು, ಹಿಂದೆ 18 ಹಲ್ಲು. ಚಕ್ರ ದೊಡ್ಡದು, ಒಂದು ಸುತ್ತಿಗೆ 2.2 ಮೀಟರ್. ಒಂದು ತುಳಿತಕ್ಕೆ 5.4 ಮೀಟರ್ ಬರುತ್ತದೆ. ಘಾಟಿಯ ವೇಗದಲ್ಲಿ ನಿಮಿಷಕ್ಕೆ 25 ತುಳಿತ. ಅದು ಆಗುವ ಕೆಲಸ ಅಲ್ಲ. ನಮ್ಮ ಅಜ್ಜಂದಿರೂ ಏರಿನಲ್ಲಿ ಇಳಿದು ತಳ್ಳಿಕೊಂಡೇ ಹೋಗುತ್ತಿದ್ದರು. ಹಿಂದೆ 22 ಹಲ್ಲಿನ ಫ್ರೀವೀಲ್ ಹಾಕಿದರೆ 4.4 ಮೀಟರ್‌ಗೆ ಇಳಿಯುತ್ತದೆ, ಹೆದ್ದಾರಿಯ ಸೇತುವೆಗಳಿಗೆ ಅಷ್ಟು ಸಾಕು. ಆದರೆ ಘಾಟಿ ಇಳಿಯಲು ಅದು ಬೇಡವೇ ಬೇಡ. ಒದ್ದೆಯಾದ ಸ್ಟೀಲ್ ರಿಮ್ಮಿನ ಮೇಲೆ ರಾಡ್ ಬ್ರೇಕ್ ಹಿಡಿಯುವುದೇ ಇಲ್ಲ.

ಅವನ ಮುಖ ಸಣ್ಣದಾಯಿತು. ‘ಕುಂದಾಪುರದವರೆಗೆ?’ ಅಂದ. ಕುಂದಾಪುರಕ್ಕೆ ಧಾರಾಳ ಹೋಗಬಹುದು. ಮರವಂತೆಗೂ ಹೋಗಬಹುದು. ಹಿಂದಿನ ಚಕ್ರದಲ್ಲಿ ನಲವತ್ತು ಕಡ್ಡಿ ಇದೆ, ಎರಡು ಕಡಿದರೂ ಮನೆಗೆ ತಲುಪಿಸುತ್ತದೆ. ಅದಕ್ಕೆ ಹಾಕುವ ಕಡ್ಡಿ ಶಿರೂರಿನ ಆ ಶಾಪಿನಲ್ಲೂ ಇತ್ತು.

ಮುಂದಿನ ಭಾನುವಾರ ಬೆಳಿಗ್ಗೆ ಐದೂವರೆಗೆ ಕಲ್ಸಂಕದ ಹತ್ತಿರ ಬಾ ಅಂದಿದ್ದೇನೆ. ಫ್ರೀವೀಲ್ ಬಿಚ್ಚುವ ಟೂಲ್ ನಾನು ತರುತ್ತೇನೆ, ಚಾಕ್ ಅವನು ತರುತ್ತಾನೆ. ಹಲ್ಲು ಎಣಿಸಿ ನೋಡಿ, ಬ್ರೇಕ್ ರಬ್ಬರ್ ಬದಲಿಸಿ, ಬಿಸಿಲು ಏರುವ ಮೊದಲು ಮರವಂತೆ ಮುಟ್ಟಬೇಕು.